ಮಳೆಗಾಲದ ಕುದುರೆಗೆ ಯಾವ ಹೊದಿಕೆ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಹೋದ ವರ್ಷ ಆರು ವರ್ಷದ ಕಾಠಿಯಾವಾಡಿ ಕುದುರೆ ತಂದಿದ್ದೇವೆ. ದನದ ಕೊಟ್ಟಿಗೆ ಪಕ್ಕದಲ್ಲೇ ಅದಕ್ಕೂ ಮಾಡು ಇಳಿಸಿದ್ದೇವೆ. ಮಳೆಯಲ್ಲಿ ನೆನೆದು ಬಂದರೆ ನಡುಗುತ್ತದೆ. ನಾನು ಆನ್‌ಲೈನಿನಲ್ಲಿ ‘300 ಗ್ರಾಂ’ ಅಂತ ಬರೆದ ಕುದುರೆ ರಗ್ಗು ನೋಡಿದ್ದೇನೆ. ನಮ್ಮ ಯಜಮಾನರು ತಾಡಪಾಲು ಸಾಕು ಅನ್ನುತ್ತಾರೆ. ಅತ್ತೆ ಕರಿ ಕಂಬಳಿ ಹೊದೆಸು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಅತ್ತೆಯವರೇ ಸರಿಗೆ ಹತ್ತಿರ ಇದ್ದಾರೆ. ಆದರೆ ಅವರ ಮಾತನ್ನೂ ಪೂರ್ತಿ ಕೇಳಬೇಡಿ.

300 ಗ್ರಾಂ ಅಂದರೆ ಇಡೀ ರಗ್ಗಿನ ತೂಕ ಅಲ್ಲ. ಒಂದು ಚದರ ಮೀಟರ್ ಬಟ್ಟೆಯೊಳಗೆ ತುಂಬಿದ ಪಾಲಿಯೆಸ್ಟರ್ ಪದರದ ತೂಕ. ಅಂಥ ರಗ್ಗು ಹಿಮ ಬೀಳುವ ಊರಿನ, ಮೈಕೂದಲು ಕತ್ತರಿಸಿದ ಕುದುರೆಗೆ. ಮೈ ಒಣಗಿದ್ದರೆ ತೆಳು ಕೂದಲಿನ ಕುದುರೆ ಕೂಡ ಸುಮಾರು 5 ಡಿಗ್ರಿ ಚಳಿ ತನಕ ಆರಾಮಾಗಿ ಇರುತ್ತದೆ. ಶಿರಸಿಯಲ್ಲಿ ಅಷ್ಟು ಚಳಿ ಎಲ್ಲಿದೆ ಹೇಳಿ?

ನಿಮ್ಮ ಕುದುರೆಗೆ ತೊಂದರೆ ಕೊಡುತ್ತಿರುವುದು ಒದ್ದೆ ಮೈ ಮತ್ತು ಗಾಳಿ. ಒಣಗಿದ ಕೂದಲು ನಿಮಿರಿ ನಿಂತು ನಡುವೆ ಬೆಚ್ಚಗಿನ ಗಾಳಿ ಹಿಡಿದುಕೊಳ್ಳುತ್ತದೆ. ನೆನೆದರೆ ಕೂದಲು ಚರ್ಮಕ್ಕೆ ಅಂಟಿ ಆ ರಕ್ಷಣೆ ಹೋಗುತ್ತದೆ. ಅದರ ಮೇಲೆ ತಾಡಪಾಲು ಹೊದೆಸಿದರೆ ಮೈಯ ಆವಿ ಹೊರಗೆ ಹೋಗದೆ ಒಳಗೇ ಬೆವರು ಸುರಿಯುತ್ತದೆ. ಮಳೆಯಲ್ಲಿ ನೆನೆದದ್ದೇ ವಾಸಿ ಅನ್ನುವ ಹಾಗಾಗುತ್ತದೆ.

ಒಮ್ಮೆ ಜುಲೈಯಲ್ಲಿ ಒಂದು ಮನೆಯವರು ದಪ್ಪ ರಗ್ಗು ಹೊದೆಸಿದ್ದನ್ನು ನೋಡಿಯೂ ನಾನು ಸುಮ್ನೆ ಬಂದಿದ್ದೆ. ಅದು ನನ್ನದೇ ತಪ್ಪು. ಅವರು ನಾಲ್ಕು ದಿನ ಅದನ್ನು ತೆಗೆಯಲೇ ಇಲ್ಲ. ತೆಗೆದಾಗ ಬೆನ್ನ ತುಂಬ ಹಕ್ಕಳೆ. ಮುಟ್ಟಿದರೆ ಕೂದಲು ಗೊಂಚಲಾಗಿ ಕಿತ್ತು ಬರುತ್ತಿತ್ತು. ಇದು ಡರ್ಮಟೊಫೈಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಚರ್ಮ ಸದಾ ಒದ್ದೆಯಾಗಿದ್ದರೆ ಅದಕ್ಕೆ ಹಬ್ಬ.

ಇನ್ನು ಕಂಬಳಿ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹೊದ್ದು ಗದ್ದೆ ನೆಟ್ಟದ್ದು ಸುಮ್ನೆ ಅಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಬೆಚ್ಚಗೇ ಇರುತ್ತದೆ. ಹಾಗಾಗಿ ಕುದುರೆ ನೆನೆದು ಬಂದ ಕೂಡಲೇ ಮೈ ನೀರು ಬಳಿದು ತೆಗೆದು, ಗೋಣಿಚೀಲದಿಂದ ಉಜ್ಜಿ. ಬೆನ್ನ ಮೇಲೆ ಕರಡ, ಅಂದರೆ ಬೆಟ್ಟದ ಒಣಹುಲ್ಲು ಹರವಿ, ಅದರ ಮೇಲೆ ಕಂಬಳಿ ಹಾಕಿ. ಕರಡದ ಸಂದಿಯಲ್ಲಿ ಗಾಳಿ ಆಡಿ ಮೈ ಬೇಗ ಒಣಗುತ್ತದೆ. ಒಣಗಿದ ಮೇಲೆ ಎರಡನ್ನೂ ತೆಗೆದುಬಿಡಿ. ರಾತ್ರಿಯಿಡೀ ಬಿಡಬೇಡಿ. ಕಂಬಳಿಗೆ ಪಟ್ಟಿ ಇಲ್ಲ. ಜಾರಿ ಹೊಟ್ಟೆಯಡಿಗೆ ಬಂದು ಕಾಲಿಗೆ ಸುತ್ತಿಕೊಂಡರೆ ಕುದುರೆ ಬೆದರಿ ಕಾಲು ಮುರಿದುಕೊಂಡೀತು.

ಮಳೆಯಲ್ಲೂ ಹೊರಗೆ ಬಿಡಲೇಬೇಕು, ಅಥವಾ ಕುದುರೆ ಮುದಿಯಾಗಿದೆ, ಬಡಕಲಾಗಿದೆ ಅಂದರೆ ಮಾತ್ರ ರಗ್ಗು ಕೊಳ್ಳಿ. ಒಳಗೆ ಏನೂ ತುಂಬದ, ‘0 ಗ್ರಾಂ’ ಅಂತ ಬರೆದದ್ದು. ನೀರು ಒಳಗೆ ಬರಬಾರದು, ಮೈಯ ಆವಿ ಹೊರಗೆ ಹೋಗಬೇಕು. ಬಟ್ಟೆಯ ಗಟ್ಟಿತನವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. ಸಾಧು ಕುದುರೆಗೆ 600 ಸಾಕು. ಬೇಲಿಗೆ ಮೈ ತಿಕ್ಕುವ ಅಭ್ಯಾಸ ಇದ್ದರೆ 1200. ಅಳತೆಯನ್ನು ಎದೆಯ ನಡುವಿನಿಂದ ಪಕ್ಕೆಯ ಗುಂಟ ಹಿಂತೊಡೆಯ ತುದಿಯ ತನಕ ತೆಗೆಯಿರಿ. ಹೊಟ್ಟೆಪಟ್ಟಿಯ ಸಂದಿಯಲ್ಲಿ ಅಂಗೈ ಅಗಲದ ಜಾಗ ಇರಲಿ. ಭುಜದಲ್ಲಿ ಕೂದಲು ಸವೆಯುತ್ತಿದೆಯಾ ನೋಡುತ್ತಿರಿ. ಸವೆದರೆ ಆ ರಗ್ಗು ಸರಿಹೊಂದಿಲ್ಲ ಅಂತಲೇ ಅರ್ಥ.

ದಿನಕ್ಕೆರಡು ಸಲ ತೆಗೆದು ಮೈ ನೋಡಿ. ಕಿವಿ ಮುಟ್ಟಿ ಲೆಕ್ಕ ಹಾಕಬೇಡಿ, ಭುಜದ ಹತ್ತಿರ ರಗ್ಗಿನೊಳಗೆ ಕೈ ಹಾಕಿ. ಬೆವರಿದ್ದರೆ ರಗ್ಗು ಬೇಡ. ಜುಲೈಯಲ್ಲಿ ಒಂದು ರಗ್ಗು ಒಣಗುವ ಮಾತೇ ಇಲ್ಲ, ಎರಡು ಬೇಕು. ಕಂಬಳಿಯನ್ನು ಬಚ್ಚಲೊಲೆಯ ಹತ್ತಿರ ಒಣಗಿಸಬಹುದು. ರಗ್ಗನ್ನು ಹಾಗೆ ಮಾಡಿದರೆ ನೀರು ತಡೆಯುವ ಲೇಪ ಹಾಳಾಗುತ್ತದೆ.

ಎಷ್ಟೋ ಮನೆಯಲ್ಲಿ ನಾನು ರಗ್ಗಿನ ಬದಲು ಹುಲ್ಲು ಜಾಸ್ತಿ ಹಾಕಿ ಅಂತೇನೆ. ನಾರಿನ ಮೇವು ದೊಡ್ಡ ಕರುಳಿನಲ್ಲಿ ಹುಳಿಯುವಾಗಲೇ ಕುದುರೆಗೆ ಒಳಗಿನಿಂದ ಶಾಖ ಸಿಗುತ್ತದೆ. ಬೂಸ್ಟು ಹಿಡಿದ ಹುಲ್ಲು ಮಾತ್ರ ಬೇಡ, ಕೆಮ್ಮು ಬರುತ್ತದೆ. ದನಕ್ಕೆ ಹಾಸುವ ಹಾಗೆ ಬೆಟ್ಟದ ಹಸಿ ಸೊಪ್ಪನ್ನು ಕುದುರೆಯ ಕಾಲಡಿ ಹಾಸಬೇಡಿ. ನೆಲ ಒಣಗಿರಬೇಕು. ಸಾಲದ್ದಕ್ಕೆ ಅದು ಸೊಪ್ಪನ್ನು ತಿಂದುಬಿಟ್ಟರೆ ಯಾವುದರಲ್ಲಿ ಯಾವ ವಿಷವೋ.

ಮೈ ಒಣಗಿದ್ದಾಗಲೂ ನಡುಗಿದರೆ ಥರ್ಮಾಮೀಟರ್ ಇಡಿ. ಬೆಳೆದ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಪಶು ವೈದ್ಯರನ್ನು ಕರೆಸಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರ ಬಿಟ್ಟು ಬಿಟ್ಟು ಬರುತ್ತದೆ.

ಪ್ರಶ್ನೆ: ಕುಮಟಾದಲ್ಲಿ ನಮ್ಮ ಕುದುರೆಗೆ ಸಂಜೆ ನುಸಿ ಕಾಟ. ಮೈ ತಿಕ್ಕಿ ತಿಕ್ಕಿ ಜೂಲು ಉದುರಿದೆ. ಬಲೆಯ ಹೊದಿಕೆ ಹಾಕಬಹುದಾ?

ಉತ್ತರ: ಹಾಕಬಹುದು. ತಿಳಿ ಬಣ್ಣದ್ದು, ಕುತ್ತಿಗೆಯನ್ನೂ ಮುಚ್ಚುವಂಥದ್ದು ತನ್ನಿ. ನುಸಿ ಏಳುವ ಬೆಳಗಿನ ಜಾವ ಮತ್ತು ಮುಸ್ಸಂಜೆ ಹೊತ್ತಿಗೆ ಹಾಕಿ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿದದ್ದು ಭಟ್ಕಳ, ಹೊನ್ನಾವರದ ಬಂದರಿನಲ್ಲೇ. ಆದರೂ ಒಣಹವೆಯ ತಳಿಗೆ ಈ ಕರಾವಳಿಯ ಸೆಕೆ ಕಷ್ಟವೇ. ಕೆಲವು ಕುದುರೆಗಳಿಗೆ ಇಲ್ಲಿ ಬೆವರುವುದೇ ನಿಂತುಹೋಗುತ್ತದೆ. ಅದಕ್ಕೇ ಮಧ್ಯಾಹ್ನ ಯಾವ ಹೊದಿಕೆಯೂ ಬೇಡ. ಸಮುದ್ರದಿಂದ ಬಂದ ಮೇಲೆ ಉಪ್ಪು, ಮರಳು ತೊಳೆದು, ಮೈ ಒಣಗಿಸಿಯೇ ಬಲೆ ಹಾಕಿ. ನುಸಿಗೆ ಗಾಳಿಗೆ ಎದುರಾಗಿ ಹಾರುವ ತಾಕತ್ತಿಲ್ಲ. ಲಾಯದಲ್ಲಿ ಒಂದು ಫ್ಯಾನ್ ಹಾಕಿ ನೋಡಿ, ವೈರು ಮಾತ್ರ ಕುದುರೆ ಬಾಯಿಗೆ ಸಿಗದ ಎತ್ತರದಲ್ಲಿರಲಿ.