ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ: ನಂಬಲೇ?

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರಾಗಿದ್ದು ಮೇ ತಿಂಗಳಲ್ಲಿ ನಿವೃತ್ತನಾದೆ. ಪಿಂಚಣಿ ಬರುತ್ತದೆ. ಗ್ರಾಚ್ಯುಟಿ, ರಜೆ ಹಣ ಸೇರಿ 22 ಲಕ್ಷ ಎಸ್‌ಬಿ ಖಾತೆಯಲ್ಲಿದೆ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧವೆಂದು ಎಫ್‌ಡಿ ಮಾಡಿಲ್ಲ. ಪರಿಚಯದವರೊಬ್ಬರು ‘ಹಲಾಲ್ ವ್ಯಾಪಾರ, ಲಕ್ಷಕ್ಕೆ ತಿಂಗಳಿಗೆ 3 ಸಾವಿರ’ ಅನ್ನುತ್ತಾರೆ. ಹಾಕಲೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ ಸರ್, ದಯವಿಟ್ಟು ಹಾಕಬೇಡಿ. ನಮ್ಮ ಅಬ್ಬಾ ಇಂಥದ್ದೇ ಮಾತು ನಂಬಿದರು. ಅಮ್ಮಿಯ ನಾಲ್ಕು ಬಳೆ ಮಾರಿದ ದುಡ್ಡೂ ಅದರಲ್ಲಿತ್ತು. ಏಳು ತಿಂಗಳು ಹಣ ಬಂತು, ಆಮೇಲೆ ಬಾಗಿಲಿಗೆ ಬೀಗ. ಆ ಹಸಿರು ರಸೀದಿ ಇವತ್ತಿಗೂ ಟ್ರಂಕಿನಲ್ಲಿದೆ. ವ್ಯಾಪಾರ ಅಂದಮೇಲೆ ಲಾಭವೂ ಉಂಟು, ನಷ್ಟವೂ ಉಂಟು. ತಿಂಗಳಿಗೆ ಇಂತಿಷ್ಟು ಖಚಿತ ಅಂದರೆ ಅದು ಹಲಾಲ್ ಹೇಗಾಗುತ್ತೆ, ಅಲ್ವಾ?

ಪಿಂಚಣಿಯಲ್ಲಿ ಮನೆ ನಡೆಯುತ್ತಿದ್ದರೆ ಅವಸರ ಬೇಡ. ಆಸ್ಪತ್ರೆ ಖರ್ಚಿಗೆ 5 ಲಕ್ಷ ಖಾತೆಯಲ್ಲೇ ಇರಲಿ. ಅದಕ್ಕೆ ಬೀಳುವ ಬಡ್ಡಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡುವವರು ಬಹಳ ಜನ. ಊರಲ್ಲಿ ಕಾಗದಪತ್ರ ಸರಿಯಿರುವ ಸಣ್ಣ ಮಳಿಗೆ ಸಿಕ್ಕರೆ ನೋಡಿ. ಬಾಡಿಗೆ ಶುದ್ಧ ಆದಾಯ. ಟಾಟಾ ಎಥಿಕಲ್‌ನಂಥ ಷರಿಯಾ ಫಂಡ್‌ಗಳು (ಇಸ್ಲಾಮಿನ ನಿಯಮದಂತೆ ನಡೆಯುವ ಮ್ಯೂಚುವಲ್ ಫಂಡ್‌ಗಳು) ಬ್ಯಾಂಕ್, ಮದ್ಯದ ಷೇರು ಕೊಳ್ಳುವುದಿಲ್ಲ. ಆದರೆ ಪೂರ್ತಿ ಷೇರುಪೇಟೆಯ ಹಣ, ಇಳಿಯಲೂಬಹುದು. ಏಳೆಂಟು ವರ್ಷ ಮುಟ್ಟದಿರುವಷ್ಟನ್ನೇ, ಅದೂ 3–4 ಲಕ್ಷ ಮೀರದಂತೆ ಹಾಕಿ.

ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದ ಹಣಕ್ಕೆ ನೂರಕ್ಕೆ ಎರಡೂವರೆ ಜಕಾತ್, ಅಂದರೆ ಬಡವರಿಗೆ ಕೊಡಲೇಬೇಕಾದ ದಾನ. 22 ಲಕ್ಷವೂ ಹಾಗೇ ಇದ್ದರೆ 55 ಸಾವಿರ. ಅದನ್ನು ಈಗಲೇ ಬೇರೆ ಎತ್ತಿಡಿ. ವಾಸದ ಮನೆ ಲೆಕ್ಕಕ್ಕೆ ಬರುವುದಿಲ್ಲ. ನಾಮಿನಿ ಹೆಸರು ಬರೆಸಿದ್ದೀರಾ? ನಾಳೆಯೇ ಬ್ಯಾಂಕಿಗೆ ಹೋಗಿ ನೋಡಿ, ಬೇಗಂ ಸಾಹೇಬರನ್ನೂ ಕರೆದುಕೊಂಡು ಹೋಗಿ.