ಭಾನುವಾರದ ಕ್ವಾರ್ಟರ್ ಮತ್ತು ಏಳು ದಿನದ ಭಾಗಾಕಾರ

ಪ್ರಶ್ನೆ: ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದೆಂದು ಓದಿದ್ದೇನೆ. ನಾನು ದಿನವೂ ಕುಡಿಯುವವನಲ್ಲ. ಭಾನುವಾರ ಮಾತ್ರ ಒಂದು ಕ್ವಾರ್ಟರ್ ವಿಸ್ಕಿ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಪೆಗ್ ಕೂಡ ಆಗುವುದಿಲ್ಲ. ವಯಸ್ಸು 52, ಬಿಪಿ ಮಾತ್ರೆ ನುಂಗುತ್ತೇನೆ. ತೊಂದರೆ ಇಲ್ಲವಲ್ಲ?
– ಓದುಗರು, ದಾವಣಗೆರೆ

ಉತ್ತರ: ಭಾಗಾಕಾರ ಸರಿಯಾಗಿದೆ. ಹಾಗಾದರೆ ವಾರದ ಏಳು ಬಿಪಿ ಮಾತ್ರೆಗಳನ್ನೂ ಭಾನುವಾರವೇ ನುಂಗಿಬಿಡುತ್ತೀರಾ? ಮಂಡಕ್ಕಿ ಭಟ್ಟಿಯ ಹಮಾಲರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರೂ ನನ್ನ ಮೇಜಿನ ಮುಂದೆ ಇದೇ ಲೆಕ್ಕ ಬಿಡಿಸುತ್ತಾರೆ. ಬ್ಯಾಂಕಿನವರು ಸ್ವಲ್ಪ ಚೆನ್ನಾಗಿ ಬಿಡಿಸುತ್ತಾರೆ, ಅಷ್ಟೇ.

ಒಂದು ಕ್ವಾರ್ಟರ್, ಅಂದರೆ 180 ಮಿಲಿ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದೇ ಸಲಕ್ಕೆ ಅಷ್ಟು ಒಳಗೆ ಹೋದರೆ, ಅದು ತಿಂಗಳಿಗೊಮ್ಮೆಯೇ ಆಗಿರಲಿ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ವಿಪರೀತ ಕುಡಿತ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚೆಂದರೆ ಹತ್ತು ಗ್ರಾಂ ಆಸುಪಾಸು. ಉಳಿದದ್ದು ರಾತ್ರಿಯೆಲ್ಲ ರಕ್ತದಲ್ಲಿ ಸುತ್ತುತ್ತಿರುತ್ತದೆ. ಕುಡಿದ ಮೊದಲ ಕೆಲವು ಗಂಟೆ ಬಿಪಿ ಇಳಿಯುತ್ತದೆ. ಆಗಲೇ ಯಂತ್ರ ಕಟ್ಟಿಕೊಂಡು ‘ನೋಡಿ ಡಾಕ್ಟರೇ, ಎಷ್ಟು ಚೆನ್ನಾಗಿದೆ’ ಎನ್ನುವವರಿದ್ದಾರೆ. ಅರ್ಧ ದಿನ ಕಳೆದ ಮೇಲೆ ಅದು ಏರುತ್ತದೆ. ಸೋಮವಾರ ಮಧ್ಯಾಹ್ನ ನೋಡಿಕೊಳ್ಳಿ.

ಬಿಪಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಬಡಿತ. ರಜೆಯಲ್ಲಿ ಚೆನ್ನಾಗಿ ಕುಡಿದು, ಮರುದಿನ ಎದೆಬಡಿತ ತಾಳ ತಪ್ಪಿ ಆಸ್ಪತ್ರೆಗೆ ಬರುವವರನ್ನು ಗಮನಿಸಿದ ಅಮೆರಿಕದ ವೈದ್ಯರು 1978ರಲ್ಲಿ ಇದಕ್ಕೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ಹೃದಯದ ಮೇಲಿನ ಕೋಣೆಗಳು ಹಿಂಡುವ ಬದಲು ಬರೀ ಅದುರುತ್ತವೆ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ನಮ್ಮವರು ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುತ್ತಾರೆ. ದಯವಿಟ್ಟು ಎದೆ ಡವಗುಟ್ಟುತ್ತಿರುವಾಗಲೇ ಇಸಿಜಿ ಮಾಡಿಸಿ. ನಿಂತ ಮೇಲೆ ಬಂದರೆ ಕಾಗದದಲ್ಲಿ ಏನೂ ಸಿಗದಿರಬಹುದು.

ಇನ್ನು ಆ ದಿನಕ್ಕೊಂದು ಪೆಗ್. ಹಳೆಯ ಅಧ್ಯಯನಗಳಲ್ಲಿ ‘ಕುಡಿಯದವರ’ ಸಾಲಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ ಸೇರಿಸಿದ್ದುಂಟು. ಅವರ ಪಕ್ಕದಲ್ಲಿ ಮಿತವಾಗಿ ಕುಡಿಯುವವರು ಗಟ್ಟಿಮುಟ್ಟಾಗಿ ಕಂಡರೆ ಆಶ್ಚರ್ಯವೇನು? ಯಾವ ಪ್ರಮಾಣದ ಮದ್ಯವೂ ಹೃದಯಕ್ಕೆ ಒಳ್ಳೆಯದಲ್ಲ ಎಂದು ವಿಶ್ವ ಹೃದಯ ಒಕ್ಕೂಟ 2022ರಲ್ಲೇ ಹೇಳಿದೆ. ಆದರೂ ಆ ಒಂದು ಪೆಗ್ ನಿಮ್ಮ ಮೊಬೈಲ್‌ಗೆ ಬರುವುದು ನಿಂತಿಲ್ಲ. ಬಿಪಿ ಇರುವ ನಿಮಗೆ ನನ್ನ ಉತ್ತರ: ಬಿಡಿ.

ಪ್ರಶ್ನೆ: ರೆಡ್ ವೈನ್ ಆದರೆ?

ಉತ್ತರ: ದ್ರಾಕ್ಷಿ ತಿನ್ನಿ.

ಪ್ರಶ್ನೆ: ಸ್ಟೆಂಟ್ ಹಾಕಿಸಿ ಮೂರು ತಿಂಗಳಾಯಿತು. ಬಿಯರ್ ಪರವಾಗಿಲ್ಲವೇ?

ಉತ್ತರ: ದೊಡ್ಡ ಬಾಟಲಿಯ ಸ್ಟ್ರಾಂಗ್ ಬಿಯರ್‌ನಲ್ಲಿ ಮೂರೂವರೆ-ನಾಲ್ಕು ಪೆಗ್‌ಗಳಷ್ಟು ಆಲ್ಕೋಹಾಲ್ ಇರುತ್ತದೆ. ಬೇಡ.

ಪ್ರಶ್ನೆ: ಯಜಮಾನರು ದಿನವೂ ಕುಡಿಯುತ್ತಾರೆ, ಹೃದಯದ ಕಾಯಿಲೆಯೂ ಇದೆ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಲು ಒಬ್ಬರು ಪುಡಿ ಕೊಟ್ಟಿದ್ದಾರೆ. ಹಾಕಲೇ?
– ಹೊಳಲ್ಕೆರೆ

ಉತ್ತರ: ಖಂಡಿತ ಹಾಕಬೇಡಿ ತಾಯಿ. ಹೆಸರಿಲ್ಲದ ಆ ಪುಡಿಯಲ್ಲಿ ಡೈಸಲ್ಫಿರಾಂ (ಕುಡಿತ ಬಿಡಿಸಲು ಕೊಡುವ ಔಷಧ) ಇದ್ದು, ಮೇಲೆ ಅವರು ಕುಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಪುಡಿ ಕೊಟ್ಟವರು ಆಗ ಫೋನ್ ಎತ್ತುವುದಿಲ್ಲ. ಆಣೆ ಹಾಕಿಸಿ ಒಮ್ಮೆಗೇ ಬಿಡಿಸಲೂ ಹೋಗಬೇಡಿ. ದಿನವೂ ಕುಡಿಯುವವರಿಗೆ ಫಿಟ್ಸ್ ಬರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಅವರನ್ನು ಕರೆದುಕೊಂಡು ಹೋಗಿ, ಆ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.