ರೊಟ್ಟಿ ಬಿಟ್ಟರೂ ತೂಕ ಇಳೀವಲ್ದು, ಇಂಜೆಕ್ಷನ್ ತಗೋಬೇಕೇನು?

ಅಕ್ಕಾರ, ಎತ್ತರ 5 ಅಡಿ, ತೂಕ 84 ಕಿಲೋ, ಶುಗರ್ ಈಗ ಶುರು ಅಂತ ಬರದೀರಿ. ನಿಮ್ಮ ಬಿಎಂಐ, ಅಂದ್ರ ಎತ್ತರಕ್ಕ ತೂಕ ಎಷ್ಟದ ಅನ್ನೂ ಲೆಕ್ಕ, 36 ಆತು. ನೀವು ಕೇಳಿದ ತೂಕ ಇಳಿಸೂ ಇಂಜೆಕ್ಷನ್, ಸೆಮಾಗ್ಲುಟೈಡ್, ಸಾಮಾನ್ಯವಾಗಿ ಬಿಎಂಐ 30 ದಾಟಿದವರಿಗೆ, ಶುಗರ್ ಇದ್ರ 27ಕ್ಕೇ ಕೊಡ್ತಾರ. ಡಾಕ್ಟರನ್ನ ಕೇಳೂದ್ರಾಗ ತಪ್ಪೇನಿಲ್ಲ.

ಆದ್ರ ಜ್ವಾಳದ ರೊಟ್ಟಿ ಯಾಕ ಬಿಟ್ರಿ? ವಿಜಯಪುರದಾಗ ಇದ್ದು! ದಿನಾ ಐದಾರು ಸಕ್ಕರಿ ಚಾ, ಸಂಜಿಗೆ ಮಿರ್ಚಿ-ಚುರುಮುರಿ, ರಾತ್ರಿ ಹತ್ತಕ್ಕ ಊಟ ಅಂತ ನೀವ ಹೇಳೀರಿ, ಮೊದ್ಲು ಅವನ್ನ ಹಿಡೀರಿ. ವಂಶ, ನಿದ್ದಿಗೇಡು, ಥೈರಾಯ್ಡ್, ಪಿಸಿಓಎಸ್ (ಹೆಣ್ಮಕ್ಕಳ ಹಾರ್ಮೋನ್ ಏರುಪೇರಿನ ತೊಂದರಿ), ಸ್ಟಿರಾಯ್ಡ್ ಗುಳಿಗಿ ಇವೂ ತೂಕ ಏರಿಸ್ತಾವ. ಥೈರಾಯ್ಡ್ ಒಮ್ಮೆ ತಪಾಸಣಿ ಮಾಡಿಸ್ರಿ.

ಸೆಮಾಗ್ಲುಟೈಡ್ ಹಸಿವು ತಗ್ಗಿಸ್ತದ, ಹೊಟ್ಟಿ ಖಾಲಿ ಆಗೂದನ್ನ ತಡ ಮಾಡ್ತದ. 2021ರ ದೊಡ್ಡ ಪ್ರಯೋಗದಾಗ 68 ವಾರಕ್ಕ ಸರಾಸರಿ ಶೇ. 15ರಷ್ಟು ತೂಕ ಇಳೀತು. ಆ ಪ್ರಯೋಗದಾಗ ಇದ್ದವರ್ಯಾರಿಗೂ ಶುಗರ್ ಇರ್ಲಿಲ್ಲ. ಶುಗರ್ ಇದ್ದವರಿಗೆ ಇಳಿಕಿ ಕಮ್ಮಿ. ಔಷಧ ನಿಲ್ಲಿಸಿದ ಒಂದು ವರ್ಷದಾಗ, ಇಳಿದಿದ್ದರಾಗ ಮೂರರಾಗ ಎರಡು ಪಾಲು ತಿರುಗಿ ಬಂತು. ಬೆಳಗಾವಿಯ ನಿಮ್ಮ ನಾದಿನಿ 12 ಕಿಲೋ ಇಳಿಸ್ಯಾರಂದ್ರಿ, ಖರೇ ಇರಬಹುದು; ಬಿಟ್ಟಮ್ಯಾಲೆ ಏನಾತು ಕೇಳ್ರಿ. ವಾಕರಿಕಿ, ಮಲಬದ್ಧತಿ ಸಾಮಾನ್ಯ, ಪಿತ್ತಕೋಶದ ಹರಳೂ ಆಗಬಹುದು. ಇನ್ನೊಂದು ಮಗು ಬೇಕಂದ್ರ ಎರಡು ತಿಂಗಳು ಮೊದ್ಲೇ ನಿಲ್ಲಿಸಬೇಕು.

ನಾದಿನಿಯವರ ಹತ್ರ ಉಳಿದ ಇಂಜೆಕ್ಷನ್ ಪೆನ್ (ಔಷಧ ತುಂಬಿದ, ಪೆನ್ನಿನಂಥ ಸಿರಿಂಜು) ಮಾತ್ರ ಬ್ಯಾಡ್ರಿ. ಸೂಜಿ ಬದಲಿಸಿದ್ರೂ ಒಬ್ಬರ ಪೆನ್ ಇನ್ನೊಬ್ಬರು ಚುಚ್ಚಿಕೋಬಾರದು.